ಸೀಟಿನಿಂದ ಸ್ವಂತ ಟೇಬಲ್‌ವರೆಗೆ: ಸ್ತ್ರೀರೋಗ ಕ್ಯಾನ್ಸರ್ ತಜ್ಞರಾಗಲು ಹೊರಟ ಯುವ ವೈದ್ಯರಿಗೊಂದು ಸಮಗ್ರ ಮಾರ್ಗದರ್ಶಿ

ಎಂಸಿಎಚ್ (ಸೂಪರ್‌ಸ್ಪೆಷಾಲಿಟಿ ಶಸ್ತ್ರಚಿಕಿತ್ಸಾ ಪದವಿ) ಮುಗಿಸಿ ಕೆಲಸಕ್ಕೆ ಬಂದವರಿಗೆ ಸಂದರ್ಶನದಲ್ಲಿ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಎಷ್ಟು ರ‍್ಯಾಡಿಕಲ್ ಹಿಸ್ಟರೆಕ್ಟಮಿ ಮಾಡಿದ್ದೀರಿ?’ ‘ಐವತ್ತು ಅರವತ್ತು ಇರಬಹುದು ಸಾರ್’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಎರಡನೆಯ ಪ್ರಶ್ನೆಗೇ ಮಾತು ನಿಲ್ಲುವುದು: ‘ಅದರಲ್ಲಿ ಯುರೇಟರ್ ಟನಲ್ ಬಿಡಿಸಿದ್ದು ನೀವೇ ಎಷ್ಟು ಸಲ?’

ರ‍್ಯಾಡಿಕಲ್ ಹಿಸ್ಟರೆಕ್ಟಮಿ ಅಂದರೆ ಗರ್ಭಕಂಠದ ಕ್ಯಾನ್ಸರಿಗೆ ಗರ್ಭಕೋಶವನ್ನು ಸುತ್ತಲಿನ ಅಂಗಾಂಶ ಸಮೇತ ತೆಗೆಯುವುದು; ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ನಾಳ, ಅಂದರೆ ಯುರೇಟರ್, ಆ ಅಂಗಾಂಶದೊಳಗೆ ಹಾಯುವ ಸುರಂಗವೇ ಟನಲ್. ಈ ಬರಹ ಆ ಎರಡನೆಯ ಪ್ರಶ್ನೆಯ ಸುತ್ತ ಇದೆ. ಒಬಿಜಿಯಲ್ಲಿ (ಪ್ರಸೂತಿ ಮತ್ತು ಸ್ತ್ರೀರೋಗ) ಎಂಎಸ್ ಅಥವಾ ಡಿಎನ್‌ಬಿ ಮುಗಿಸಿ ಈ ಕಡೆ ಹೊರಟವರು, ಈಗಾಗಲೇ ಸೀಟಿನಲ್ಲಿ ಕೂತವರು, ಮೊದಲ ಕೆಲಸ ಹುಡುಕುತ್ತಿರುವವರು ತಮಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು.

ಸೀಟು ಆರಿಸುವ ಮುನ್ನ

ದಾರಿಗಳು ಮುಖ್ಯವಾಗಿ ಎರಡು. ಸೂಪರ್‌ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆದು ಎಂಸಿಎಚ್ ಅಥವಾ ಡಾಕ್ಟರ್‌ಎನ್‌ಬಿ ಸೀಟು ಪಡೆಯುವುದು ಒಂದು. ಏಮ್ಸ್‌ನಂಥ ರಾಷ್ಟ್ರೀಯ ಮಹತ್ವದ ಸಂಸ್ಥೆಗಳಿಗೆ ಅವುಗಳದೇ ಪ್ರವೇಶ ಪರೀಕ್ಷೆ ಐಎನ್‌ಐ ಎಸ್‌ಎಸ್ ಬರೆಯುವುದು ಇನ್ನೊಂದು. ಇದು ವರ್ಷಕ್ಕೆರಡು ಸಲ ನಡೆಯುತ್ತದೆ. ಎರಡರಲ್ಲೂ ಕೋರ್ಸು 3 ವರ್ಷ. ನೀಟ್ ಎಸ್‌ಎಸ್‌ನಲ್ಲಿ 150 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಒಬಿಜಿ ಗುಂಪಿನ ಪತ್ರಿಕೆ ಎಂಎಸ್ ಹಂತದ ಇಡೀ ಪಠ್ಯದ ಮೇಲೆ ಇರುತ್ತದೆಯೇ ಹೊರತು ಬರೀ ಕ್ಯಾನ್ಸರ್ ಮೇಲಲ್ಲ. ಆದ್ದರಿಂದ ಆಂಕಾಲಜಿ ಓದಿ ಪ್ರಸೂತಿ ಬಿಟ್ಟವರು ಕೆಳಗೆ ಬೀಳುತ್ತಾರೆ. ಆಯಾ ವರ್ಷದ ಮಾಹಿತಿ ಪುಸ್ತಿಕೆ ತೆರೆದು ಮಾದರಿಯನ್ನು ಖಚಿತಪಡಿಸಿಕೊಂಡೇ ತಯಾರಿ ಶುರುಮಾಡಿ. ಒಂದು ವರ್ಷ, ಎರಡು ವರ್ಷದ ಫೆಲೋಶಿಪ್‌ಗಳೂ ಇವೆ. ಕೈ ಪಳಗಿಸಲು ಕೆಲವು ನಿಜಕ್ಕೂ ಒಳ್ಳೆಯವು, ಆದರೆ ಎಂಸಿಎಚ್‌ಗೆ ಸಮಾನ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೋಧಕ ಹುದ್ದೆಗೆ ಅರ್ಜಿ ಹಾಕುವ ದಿನ ವ್ಯತ್ಯಾಸ ತಿಳಿಯುತ್ತದೆ.

ಬೆಂಗಳೂರಿನ ಕಿದ್ವಾಯಿ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ತಿರುವನಂತಪುರದ ಆರ್‌ಸಿಸಿ, ಮುಂಬೈನ ಟಾಟಾ ಮೆಮೋರಿಯಲ್, ಅಹಮದಾಬಾದಿನ ಜಿಸಿಆರ್‌ಐ ಎಂದು ಕ್ಯಾನ್ಸರ್ ಆಸ್ಪತ್ರೆಗಳ ಹೆಸರಿನ ಪಟ್ಟಿ ಎಲ್ಲರ ಬಾಯಲ್ಲೂ ಇರುತ್ತದೆ. ಸೀಟು ಆರಿಸಬೇಕಾದ್ದು ಹೆಸರು ನೋಡಿಯಲ್ಲ, ಲೆಕ್ಕ ಹಾಕಿ. ಈಗ ಎರಡನೆಯ, ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿಗೆ ಫೋನ್ ಮಾಡಿ ಇಷ್ಟನ್ನು ಕೇಳಿ. ಕಳೆದ ವರ್ಷ ಎಷ್ಟು ರ‍್ಯಾಡಿಕಲ್ ಹಿಸ್ಟರೆಕ್ಟಮಿ, ಎಷ್ಟು ಅಂಡಾಶಯದ ಡಿಬಲ್ಕಿಂಗ್ (ಹರಡಿದ ಗಡ್ಡೆಯನ್ನು ಆದಷ್ಟೂ ತೆಗೆಯುವುದು) ಆದವು? ಒಂದು ಬ್ಯಾಚಿಗೆ ಎಷ್ಟು ಜನ? ಸ್ತ್ರೀರೋಗ ಕ್ಯಾನ್ಸರ್‌ಗಳು ಪೂರ್ತಿ ಗೈನಿ ಆಂಕಾಲಜಿ ಘಟಕಕ್ಕೇ ಬರುತ್ತವೆಯೋ, ಸರ್ಜಿಕಲ್ ಆಂಕಾಲಜಿ ಜೊತೆ ಹಂಚಿಕೆಯೋ? ಕೀಮೋ ಬರೆಯುವವರು ಯಾರು? ಬ್ರಾಕಿಥೆರಪಿ (ಒಳಗಿನಿಂದ ಕೊಡುವ ರೇಡಿಯೇಶನ್) ಅದೇ ಆವರಣದಲ್ಲಿದೆಯೇ? ಫ್ರೋಜನ್ ಸೆಕ್ಷನ್ (ಆಪರೇಶನ್ ನಡೆಯುತ್ತಿರುವಾಗಲೇ ಬರುವ ಪೆಥಾಲಜಿ ವರದಿ) ಕೇಳಿದರೆ ಎಷ್ಟು ನಿಮಿಷದಲ್ಲಿ ಬರುತ್ತದೆ? ಕರುಳು ಕತ್ತರಿಸಿ ಜೋಡಿಸಬೇಕಾದಾಗ ಘಟಕದವರೇ ಮಾಡುತ್ತಾರೋ, ಬೇರೆಯವರನ್ನು ಕರೆಯುತ್ತಾರೋ?

ವರ್ಷಕ್ಕೆ 60 ರ‍್ಯಾಡಿಕಲ್ ಹಿಸ್ಟರೆಕ್ಟಮಿ ಆಗುವ ಘಟಕ ಎಂದುಕೊಳ್ಳಿ. ಮೂರು ಬ್ಯಾಚು ಸೇರಿ 6 ವಿದ್ಯಾರ್ಥಿಗಳಿದ್ದರೆ ತಲಾ 10. ಅದರಲ್ಲಿ ಅರ್ಧ ಕನ್ಸಲ್ಟೆಂಟೇ ಮಾಡಿದರೂ 3 ವರ್ಷಕ್ಕೆ 15 ನಿಮ್ಮ ಪಾಲಿಗೆ. 40 ಆಗುವ, ಆದರೆ ಇಬ್ಬರೇ ವಿದ್ಯಾರ್ಥಿಗಳಿರುವ ಘಟಕದಲ್ಲಿ ಇದೇ ಲೆಕ್ಕಕ್ಕೆ 30. ದೊಡ್ಡ ಬೋರ್ಡು ನೋಡಿ ಹೋಗುವವರು ಈ ಭಾಗಾಕಾರ ಮಾಡಿರುವುದಿಲ್ಲ.

ಲೆಕ್ಕ ಇಷ್ಟು ಬಿಗಿಯಾಗಲು ಕಾರಣವಿದೆ. ವಿಶ್ವದ ಕ್ಯಾನ್ಸರ್ ಅಂಕಿಅಂಶ ಕೊಡುವ ಗ್ಲೋಬೋಕಾನ್ 2022ರ ಅಂದಾಜಿನಲ್ಲಿ ಭಾರತದಲ್ಲಿ ಆ ಒಂದು ವರ್ಷ 1.27 ಲಕ್ಷ ಹೊಸ ಗರ್ಭಕಂಠ ಕ್ಯಾನ್ಸರ್, ಸುಮಾರು 80 ಸಾವಿರ ಸಾವು. ಹೀಗಿದ್ದೂ ಚಾಕುವಿಗೆ ಬರುವ ಪ್ರಕರಣ ಕಡಿಮೆಯಾಗುತ್ತಿದೆ. ದೊಡ್ಡ ಗಡ್ಡೆಗಳು ಕೀಮೋರೇಡಿಯೇಶನ್‌ಗೆ (ಕೀಮೋ ಜೊತೆಗೇ ರೇಡಿಯೇಶನ್) ಹೋಗುತ್ತವೆ: ಮೊದಲು ಕೀಮೋ ಕೊಟ್ಟು ನಂತರ ಆಪರೇಶನ್ ಮಾಡುವುದನ್ನು ಕೀಮೋರೇಡಿಯೇಶನ್ ಜೊತೆ ಹೋಲಿಸಿದ ಟಾಟಾ ಮೆಮೋರಿಯಲ್ ಅಧ್ಯಯನದಲ್ಲಿ (2018) 5 ವರ್ಷದ ರೋಗಮುಕ್ತ ಪ್ರಮಾಣ 69.3 ಶೇಕಡಾ, ಎದುರಿನ ಗುಂಪಿನಲ್ಲಿ 76.7. ಚಿಕ್ಕ ಗಡ್ಡೆಗಳನ್ನು ಇನ್ನೊಂದು ತುದಿಯಿಂದ ಶೇಪ್ ಅಧ್ಯಯನ (2024) ಎಳೆದುಕೊಂಡಿದೆ: 2 ಸೆಂ.ಮೀ. ಮೀರದ, ಆಳಕ್ಕಿಳಿಯದ ಗಡ್ಡೆಗೆ ಸರಳ ಹಿಸ್ಟರೆಕ್ಟಮಿ ಸಾಕು, 3 ವರ್ಷದಲ್ಲಿ ಪೆಲ್ವಿಸ್‌ನಲ್ಲಿ ಮರುಕಳಿಕೆ 2.52 ಶೇಕಡಾ, ರ‍್ಯಾಡಿಕಲ್ ಮಾಡಿದವರಲ್ಲಿ 2.17. ನಡುವೆ ಉಳಿಯುವುದೊಂದು ಸಣ್ಣ ಪಟ್ಟಿ. ಹಾಗಾಗಿ ಕೈಗೆ ಬಂದ ಒಂದೊಂದು ಪ್ರಕರಣದಿಂದಲೂ ಹಿಂದಿನವರು ಮೂರರಿಂದ ಕಲಿತಷ್ಟನ್ನು ಹಿಂಡಿಕೊಳ್ಳಬೇಕು. ಅದಕ್ಕೆ ದಾರಿ ಲಾಗ್‌ಬುಕ್, ಅಂದರೆ ಮಾಡಿದ ಆಪರೇಶನ್‌ಗಳ ದಾಖಲೆ.

ಲಾಗ್‌ಬುಕ್: ನೋಡಿದ್ದು ಬೇರೆ, ಮಾಡಿದ್ದು ಬೇರೆ

ವಿಶ್ವವಿದ್ಯಾಲಯ ಕೊಡುವ ಲಾಗ್‌ಬುಕ್ಕನ್ನು ಪರೀಕ್ಷೆಗೆ ಹದಿನೈದು ದಿನ ಮುಂಚೆ ಕೂತು ತುಂಬಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದು ಸಹಿಗೆ. ನಿಮಗಾಗಿ ಬೇರೊಂದು ಸ್ಪ್ರೆಡ್‌ಶೀಟ್ ಇಡಿ, ಮೊದಲ ದಿನದಿಂದಲೇ. ರೋಗಿಯ ಹೆಸರು ಬೇಡ, ಆಸ್ಪತ್ರೆ ಸಂಖ್ಯೆಯೂ ಬೇಡ, ಸ್ವಂತ ಕ್ರಮಸಂಖ್ಯೆ ಸಾಕು. ಆಪರೇಶನ್ನನ್ನು ಒಂದೇ ಸಾಲಾಗಿ ಬರೆಯಬೇಡಿ, ಹಂತಗಳಾಗಿ ಒಡೆಯಿರಿ. ರ‍್ಯಾಡಿಕಲ್ ಹಿಸ್ಟರೆಕ್ಟಮಿಗೆ ಎಂಟು ಕಾಲಂ: ಹೊಟ್ಟೆ ತೆರೆದು ನೋಡುವುದು, ರೌಂಡ್ ಲಿಗಮೆಂಟ್ ಕತ್ತರಿಸಿ ಪೆರಿಟೋನಿಯಮ್ ಪೊರೆಯ ಹಿಂದಕ್ಕಿಳಿಯುವುದು, ಅಂಗಗಳ ನಡುವಿನ ಸ್ಥಳಗಳನ್ನು ಬಿಡಿಸುವುದು, ದುಗ್ಧಗ್ರಂಥಿಗಳು, ಯುಟೆರೈನ್ ಧಮನಿಯನ್ನು ಬುಡದಲ್ಲಿ ಕಟ್ಟುವುದು, ಯುರೇಟರ್ ಟನಲ್, ಹಿಂಬದಿಯ ಯುಟೆರೋಸೇಕ್ರಲ್, ಯೋನಿಯ ಅಂಚು.

ಪ್ರತಿ ಹಂತದ ಎದುರು 1ರಿಂದ 4ರವರೆಗೆ ಒಂದು ಅಂಕಿ. 1 ಅಂದರೆ ಕನ್ಸಲ್ಟೆಂಟ್ ಮಾಡಿ ತೋರಿಸಿದರು. 2 ಅಂದರೆ ನೀವು ಮಾಡಿದಿರಿ, ಆದರೆ ದಾರಿ ತೋರಿಸಿ ಅಂಗಾಂಶ ಎಳೆದು ಕೊಟ್ಟದ್ದು ಅವರು. 3 ಅಂದರೆ ಮುನ್ನಡೆಸಿದ್ದು ನೀವು, ಅವರು ನೀವು ಹೇಳಿದ್ದನ್ನು ಹಿಡಿದರು. 4 ಅಂದರೆ ಅವರು ನೋಡಿದರು ಅಷ್ಟೆ. ಇದು ಜ್ವಿಶ್ ಮಾಪಕ. ಅಂಕಿಯನ್ನು ನೀವೇ ಹಾಕಿ, ಆಪರೇಶನ್ ಮುಗಿದ ಕಾಫಿಯ ಹೊತ್ತಲ್ಲಿ ಕನ್ಸಲ್ಟೆಂಟಿಗೂ ಕೇಳಿ. ಇಬ್ಬರ ಅಂಕಿ ಬೇರೆಯಾದ ಕಡೆಯೇ ಕಲಿಯುವುದಿದೆ. ಆರು ತಿಂಗಳಿಗೊಮ್ಮೆ ಶೀಟ್ ತೆರೆದರೆ ಯಾವ ಕಾಲಂ 2ರಲ್ಲೇ ಅಂಟಿಕೊಂಡಿದೆ ಎಂದು ಕಣ್ಣಿಗೆ ರಾಚುತ್ತದೆ. ‘ಸಾರ್, ಮುಂದಿನ ಮೂರು ಕೇಸಲ್ಲಿ ಎಡಗಡೆ ಟನಲ್ ನನಗೆ ಬಿಡಿ’ ಎಂದು ಕೇಳಲು ಕೈಯಲ್ಲಿ ಆಧಾರವೂ ಇರುತ್ತದೆ. ‘ನನಗೆ ಹೆಚ್ಚು ಕೇಸ್ ಕೊಡಿ’ ಎಂಬ ಬೇಡಿಕೆಗೆ ಯಾವ ಕನ್ಸಲ್ಟೆಂಟೂ ಕಿವಿಗೊಡುವುದಿಲ್ಲ. ಒಂದು ಹಂತ ಕೇಳಿದವರಿಗೆ ಬಿಟ್ಟುಕೊಡುತ್ತಾರೆ.

ಇನ್ನು ಮೂರು ಕಾಲಂ ಸೇರಿಸಿ: ರಕ್ತಸ್ರಾವ ಮಿಲಿಲೀಟರ್‌ನಲ್ಲಿ, 30 ದಿನದೊಳಗಿನ ತೊಡಕು ತೀವ್ರತೆ ಅಳೆಯುವ ಕ್ಲೇವಿಯನ್-ಡಿಂಡೊ ಶ್ರೇಣಿಯಲ್ಲಿ, ಅಂತಿಮ ಪೆಥಾಲಜಿ. ಕೊನೆಯ ಎರಡನ್ನು ಬಿಟ್ಟವರೇ ಹೆಚ್ಚು. ರೋಗಿ ಮೂರನೇ ವಾರ ಸೋರಿಕೆ ಎಂದು ವಾಪಸು ಬಂದಾಗ ನೀವು ಬೇರೆ ಘಟಕಕ್ಕೆ ಹೋಗಿರುತ್ತೀರಿ, ನಿಮ್ಮ ಪುಸ್ತಕದಲ್ಲಿ ಆ ಆಪರೇಶನ್ ಯಶಸ್ವಿಯಾಗಿಯೇ ಉಳಿದಿರುತ್ತದೆ.

ಟೇಬಲ್ ಮೇಲೆ

ವಿಯೆನ್ನಾದ ವರ್ಟ್‌ಹೈಮ್ 1898ರಲ್ಲಿ ಶುರುಮಾಡಿದ ಈ ಆಪರೇಶನ್ನಿನ ಕಷ್ಟ ಇಂದಿಗೂ ಅದೇ ಜಾಗದಲ್ಲಿದೆ: ಯುರೇಟರ್ ಹಾದುಹೋಗುವ ನಾಲ್ಕೈದು ಸೆಂಟಿಮೀಟರ್. ಉಳಿದದ್ದು ತಾಳ್ಮೆಯ ಕೆಲಸ.

ಮೊದಲು ಸ್ಥಳಗಳು. ಪೆರಾರೆಕ್ಟಲ್ (ಗುದನಾಳದ ಪಕ್ಕದ) ಸ್ಥಳಕ್ಕೆ ಇಳಿಯುವಾಗ ಒಳಬದಿಗೆ ಯುರೇಟರ್, ಹೊರಬದಿಗೆ ಇಂಟರ್ನಲ್ ಇಲಿಯಾಕ್ ಧಮನಿ. ಎರಡನ್ನೂ ಕಣ್ಣಾರೆ ನೋಡಿ, ನಡುವೆ ತುದಿ ಇಟ್ಟು, ಸೇಕ್ರಮ್ಮಿನ ಬಾಗನ್ನು ಅನುಸರಿಸಿ ಹಿಂದಕ್ಕೆ ಮತ್ತು ಕೆಳಕ್ಕೆ ಸರಿಯಬೇಕು. ಹೊಸಬರ ಕೈ ತಾನಾಗಿ ಹೊರಬದಿಗೆ ವಾಲುತ್ತದೆ, ಇಲಿಯಾಕ್ ಸಿರೆಯ ಕವಲೊಂದು ಹರಿಯುತ್ತದೆ. ಹರಿದರೆ ಹೋದಲ್ಲೆಲ್ಲ ಕ್ಲಾಂಪ್ ಹಾಕಬೇಡಿ. ಮಾಪ್ ಒತ್ತಿ, ಗಡಿಯಾರ ನೋಡಿ 5 ನಿಮಿಷ ಪೂರ್ತಿ. ಎರಡು ನಿಮಿಷಕ್ಕೆ ಎತ್ತಿ ಇಣುಕುವ ಚಟವೇ ಅರ್ಧ ಲೀಟರ್ ರಕ್ತ ಕಳೆಯುತ್ತದೆ. ಆ ಹೊತ್ತಿಗೆ ಅರಿವಳಿಕೆಯವರಿಗೆ ಹೇಳಿ, ಎರಡನೇ ಸಕ್ಷನ್ ತರಿಸಿ, ಸಿರೆಗೆ ಹಾಕುವ ಹೊಲಿಗೆ ತೆಗೆಸಿಟ್ಟುಕೊಳ್ಳಿ. ಪೆರಾವೆಸೈಕಲ್ (ಮೂತ್ರಕೋಶದ ಪಕ್ಕದ) ಸ್ಥಳಕ್ಕೆ ಗುರುತು ಮುಚ್ಚಿಹೋದ ಅಂಬಿಲಿಕಲ್ ಧಮನಿ. ಅದನ್ನು ಹಿಡಿದು ಒಳಕ್ಕೆಳೆದರೆ ಸ್ಥಳ ತಾನೇ ತೆರೆದುಕೊಳ್ಳುತ್ತದೆ. ಅದು ಸಿಗುವವರೆಗೆ ಕೆದಕುವುದು ಬೇಡ.

ಗ್ರಂಥಿಗಳಲ್ಲಿ ಒಂದೇ ನಿಯಮ: ಆಬ್ಚುರೇಟರ್ ನರ ಕಾಣುವವರೆಗೆ ಆ ಗುಳಿಯಲ್ಲಿ ಏನನ್ನೂ ಕತ್ತರಿಸಬೇಡಿ, ಕ್ಲಿಪ್ ಹಾಕಬೇಡಿ. ಪ್ಯೂಬಿಕ್ ಎಲುಬಿನ ಹತ್ತಿರ ಇಲಿಯಾಕ್ ಕಡೆಯಿಂದ ಆಬ್ಚುರೇಟರ್ ಕಡೆಗೆ ದಾಟುವ ಅಡ್ಡ ರಕ್ತನಾಳ, ಕರೋನಾ ಮಾರ್ಟಿಸ್, ಇರಬಹುದು ಎಂದೇ ಹುಡುಕಿ. ನರ ಕಡಿದುಹೋದರೆ ಅಂದೇ, ಅಲ್ಲೇ, ಸಣ್ಣ ನೂಲಿನಲ್ಲಿ ಎಳೆತವಿಲ್ಲದೆ ತುದಿಗೆ ತುದಿ ಹೊಲಿಸಿ, ಆಪರೇಶನ್ ಟಿಪ್ಪಣಿಯಲ್ಲಿ ಬರೆಯಿರಿ, ತೊಡೆ ಒಳಕ್ಕೆ ಸೇರಿಸುವ ಶಕ್ತಿಯನ್ನು ಮರುದಿನ ಪರೀಕ್ಷಿಸಿ, ಫಿಸಿಯೋ ಶುರುಮಾಡಿ. ಮುಚ್ಚಿಟ್ಟ ಗಾಯಕ್ಕಿಂತ ಬರೆದಿಟ್ಟ ಗಾಯ ವಾಸಿ, ರೋಗಿಗೂ ನಿಮಗೂ.

ಈಗ ಟನಲ್. ಯುರೇಟರಿನ ರಕ್ತಪೂರೈಕೆ ನೆನಪಿರಲಿ: ಪೆಲ್ವಿಸ್ ಅಂಚಿನ ಮೇಲೆ ಒಳಬದಿಯಿಂದ, ಕೆಳಗೆ ಹೊರಬದಿಯಿಂದ. ಮೇಲಿನ ಭಾಗದಲ್ಲಿ ಪೆರಿಟೋನಿಯಮ್ಮಿನ ಒಳಪದರಕ್ಕೆ ಅಂಟಿಕೊಂಡಿರುವುದನ್ನು ಎಷ್ಟು ಹೊತ್ತು ಹಾಗೇ ಬಿಡಬಹುದೋ ಬಿಡಿ. ಮೈಮೇಲಿನ ತೆಳು ಪೊರೆಯನ್ನು ಸುಲಿದು ಹೊಳೆಯುವಂತೆ ಮಾಡಿದರೆ ಫೋಟೋಗೆ ಚೆಂದ. ಹತ್ತು ದಿನಕ್ಕೆ ಆ ತುಂಡು ಸತ್ತು ಸೋರುತ್ತದೆ. ಯುಟೆರೈನ್ ಧಮನಿಯನ್ನು ಬುಡದಲ್ಲಿ ಕಟ್ಟಿ ಕತ್ತರಿಸಿದ ಮೇಲೆ ಅದರ ತುದಿಯನ್ನು ಗರ್ಭಕೋಶದ ಕಡೆ ಎತ್ತಿ ಹಿಡಿಯಿರಿ: ಸೇತುವೆ ಎತ್ತಿದಂತೆ ಯುರೇಟರ್ ಕೆಳಗೆ ಕಾಣುತ್ತದೆ. ಬಾಗಿದ ತೆಳು ಫೋರ್ಸೆಪ್ಸನ್ನು ಯುರೇಟರಿನ ಮೇಲ್ಮೈಗೆ, ತುದಿ ಮೇಲ್ಮುಖವಾಗಿ ಇಟ್ಟು ಸ್ವಲ್ಪವೇ ತೆರೆಯಿರಿ. ಮೇಲಿನ ಛಾವಣಿಯನ್ನು ಸಣ್ಣ ಸಣ್ಣ ಹಿಡಿತಗಳಲ್ಲಿ ಕತ್ತರಿಸಿ ಕಟ್ಟಿ. ಒಂದೇ ದೊಡ್ಡ ಹಿಡಿತದಲ್ಲಿ ಮುಗಿಸುವ ಆಸೆ ಬರುತ್ತದೆ, ಆ ಹಿಡಿತದೊಳಗೆ ಮೂತ್ರಕೋಶದ ಸಿರೆ ಇರುತ್ತದೆ. ಯುರೇಟರಿಗೆ ತಾಗಿ ಶಾಖದ ಉಪಕರಣ ಒತ್ತಬೇಡಿ. ಸುಟ್ಟ ಗಾಯ ಆ ದಿನ ಕಾಣುವುದಿಲ್ಲ. 7ರಿಂದ 14ನೇ ದಿನದೊಳಗೆ ಜ್ವರ, ಪಕ್ಕೆನೋವು, ಯೋನಿಯಿಂದ ನೀರು ಎಂದು ಬರುತ್ತದೆ.

ಹಾಗೆ ಬಂದಾಗ ಡ್ರೈನ್ ನೀರಿನ ಕ್ರಿಯಾಟಿನಿನ್ ಕಳಿಸಿ. ರಕ್ತದ್ದಕ್ಕಿಂತ ಹಲವು ಪಟ್ಟು ಇದ್ದರೆ ಅದು ಮೂತ್ರವೇ. ಡ್ರೈನ್ ಇಲ್ಲದಿದ್ದರೆ ಯೋನಿಯಲ್ಲಿ ಮೂರು ಗಾಜ್ ಇಟ್ಟು ಮೂತ್ರಕೋಶಕ್ಕೆ ಮೆಥಿಲೀನ್ ಬ್ಲೂ ತುಂಬಿಸಿ. ಗಾಜ್ ನೀಲಿಯಾದರೆ ತೂತು ಮೂತ್ರಕೋಶದಲ್ಲಿ. ನೀಲಿಯಾಗದೆ ಮೇಲಿನದು ಒದ್ದೆಯಾದರೆ ಯುರೇಟರ್ ಮೇಲೆ ಅನುಮಾನ, ಅಂದೇ ತಡವಾದ ಹಂತದ ಸಿಟಿ ಯುರೋಗ್ರಾಮ್. ‘ಬಿಳಿ ಹೋಗುತ್ತಿರಬಹುದು, ವಾರ ಬಿಟ್ಟು ಬನ್ನಿ’ ಎಂದು ಕಳಿಸುವುದು ಈ ವೃತ್ತಿಯಲ್ಲಿ ಮತ್ತೆ ಮತ್ತೆ ಆಗುವ, ಆಗಬಾರದ ತಪ್ಪು.

ಲ್ಯಾಪರೊಸ್ಕೋಪಿ ಬಗ್ಗೆ ಒಂದು ಮಾತು. 2018ರಲ್ಲಿ ಬಂದ ಲ್ಯಾಕ್ ಅಧ್ಯಯನದಲ್ಲಿ ರಂಧ್ರದ ಮೂಲಕ ಮಾಡಿದ ರ‍್ಯಾಡಿಕಲ್ ಹಿಸ್ಟರೆಕ್ಟಮಿಯಲ್ಲಿ ನಾಲ್ಕೂವರೆ ವರ್ಷದ ರೋಗಮುಕ್ತ ಪ್ರಮಾಣ 86.0 ಶೇಕಡಾ, ಹೊಟ್ಟೆ ತೆರೆದು ಮಾಡಿದಾಗ 96.5. ಇಷ್ಟಾದ ಮೇಲೂ ವಿಡಿಯೋ ಚೆನ್ನಾಗಿದೆ ಎಂದು ಕಲಿಯಲು ಹೊರಡುವುದು ಸರಿಯಲ್ಲ. ಎಂಡೋಮೆಟ್ರಿಯಮ್ (ಗರ್ಭಕೋಶದ ಒಳಪದರ) ಕ್ಯಾನ್ಸರಿನಲ್ಲಿ ಲ್ಯಾಪರೊಸ್ಕೋಪಿಗೆ ಭದ್ರ ನೆಲೆಯಿದೆ. ಆ ಕೈಚಳಕ, ಸೆಂಟಿನೆಲ್ ಗ್ರಂಥಿ (ಕ್ಯಾನ್ಸರ್ ಮೊದಲು ತಲುಪುವ ದುಗ್ಧಗ್ರಂಥಿ) ಹುಡುಕುವುದು ಎಲ್ಲವನ್ನೂ ಅಲ್ಲಿ ಕಲಿಯಿರಿ.

ಅಂಡಾಶಯ: ಏನು ತೆಗೆದಿರಿ ಅನ್ನುವುದಕ್ಕಿಂತ ಏನು ಬಿಟ್ಟಿರಿ

ಮುಂದುವರಿದ ಅಂಡಾಶಯ ಕ್ಯಾನ್ಸರಿನಲ್ಲಿ ಗುರಿ ಕಣ್ಣಿಗೆ ಕಾಣುವುದು ಏನೂ ಉಳಿಯಬಾರದು ಎಂಬುದು. ಟಿಪ್ಪಣಿಯಲ್ಲಿ ‘ಆಪ್ಟಿಮಲ್ ಡಿಬಲ್ಕಿಂಗ್ ಡನ್’ ಎಂದಷ್ಟೇ ಬರೆದರೆ ಮುಂದೆ ಓದುವವರಿಗೆ ಏನೂ ತಿಳಿಯದು. ತೆರೆದಾಗ ಎಲ್ಲೆಲ್ಲಿ ಎಷ್ಟಿತ್ತು, ಮುಚ್ಚುವಾಗ ಎಲ್ಲಿ ಎಷ್ಟು ಮಿಲಿಮೀಟರ್ ಉಳಿಯಿತು, ಯಾಕೆ ಬಿಟ್ಟಿರಿ ಎಂದು ಮೂರು ಸಾಲು ಬರೆಯಿರಿ. ‘ಸಣ್ಣಕರುಳಿನ ಮೆಸೆಂಟರಿ ಬುಡದಲ್ಲಿ 4 ಮಿ.ಮೀ. ಗಂಟುಗಳು, ತೆಗೆದರೆ ಕರುಳು ಉಳಿಯುವುದಿಲ್ಲ’ ಎಂಬುದು ಟಿಪ್ಪಣಿ. ಪಕ್ಕದಲ್ಲಿ ಪಿಸಿಐ ಅಂಕ (ಹೊಟ್ಟೆಯಲ್ಲಿ ರೋಗ ಎಷ್ಟು ಹರಡಿತ್ತು), ಅಲೆಟ್ಟಿ ಸಂಕೀರ್ಣತೆಯ ಅಂಕ (ಆಪರೇಶನ್ ಎಷ್ಟು ದೊಡ್ಡದು): ಅಲೆಟ್ಟಿಯಲ್ಲಿ 3ರವರೆಗೆ ಕಡಿಮೆ, 4ರಿಂದ 7 ಮಧ್ಯಮ, 8 ಮುಟ್ಟಿದರೆ ಹೆಚ್ಚು.

ಇದಕ್ಕೆ ಗೈನಿ ಕೈ ಒಂದೇ ಸಾಲದು. ಜೀರ್ಣಾಂಗ ಶಸ್ತ್ರಚಿಕಿತ್ಸೆಯಲ್ಲಿ ಎರಡು ತಿಂಗಳು, ಯುರಾಲಜಿಯಲ್ಲಿ ಒಂದು ತಿಂಗಳು ಕೇಳಿ ಪಡೆಯಿರಿ. ಸ್ಟೇಪ್ಲರ್ ಜೋಡಣೆ, ಗಾಳಿ ತುಂಬಿ ಸೋರಿಕೆ ನೋಡುವುದು, ಸ್ಟೋಮಾ (ಕರುಳನ್ನು ಹೊಟ್ಟೆಯ ಮೇಲೆ ಹೊರಕ್ಕೆ ತೆರೆಯುವುದು), ಯುರೇಟರನ್ನು ಮೂತ್ರಕೋಶಕ್ಕೆ ಮರುಜೋಡಿಸುವುದು ಅಲ್ಲಿ ಬರಬೇಕು. ಸ್ಟೋಮಾ ಜಾಗವನ್ನು ಹಿಂದಿನ ದಿನವೇ ಗುರುತಿಸುವಾಗ ಮಲಗಿಸಿ, ಕೂರಿಸಿ, ನಿಲ್ಲಿಸಿ ನೋಡಿ. ಸೀರೆ ಉಡುವವರಿಗೆ ಲಂಗದ ಲಾಡಿ ಎಲ್ಲಿ ಬರುತ್ತದೆ ಎಂದು ಅವರಿಂದಲೇ ಕಟ್ಟಿಸಿ ನೋಡಿ. ಲಾಡಿಯ ಗೆರೆಯ ಮೇಲೆ ಸ್ಟೋಮಾ ಬಂದರೆ ಚೀಲ ಒಂದು ದಿನವೂ ನಿಲ್ಲುವುದಿಲ್ಲ. ಹೊರದೇಶದ ಪಠ್ಯದಲ್ಲಿ ಪ್ಯಾಂಟಿನ ಬೆಲ್ಟ್ ಮಾತ್ರ ಇರುತ್ತದೆ. ಗುಲ್ಮ ತೆಗೆಯಬೇಕಾಗಿ ಬಂದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳು 14ನೇ ದಿನದ ಹೊತ್ತಿಗೆ; ಡಿಸ್‌ಚಾರ್ಜ್ ಚೀಟಿಯಲ್ಲಿ ದಿನಾಂಕ ಹಾಕದಿದ್ದರೆ ಅದು ಮರೆತೇ ಹೋಗುತ್ತದೆ.

ಮೊದಲ ಹಂತದ ಗಡ್ಡೆಯಲ್ಲಿ ತಪ್ಪು ಬೇರೆ ರೀತಿಯದು. ಅಂಡಾಶಯಕ್ಕೇ ಸೀಮಿತವಾಗಿದ್ದ ಗಡ್ಡೆ ನಿಮ್ಮ ಕೈಯಲ್ಲಿ ಒಡೆದರೆ 1ಎ ಇದ್ದದ್ದು 1ಸಿ1 ಆಗುತ್ತದೆ. ಸೂಜಿ ಚುಚ್ಚಿ ನೀರು ತೆಗೆದು ಚಿಕ್ಕದು ಮಾಡಿ ಹೊರಗೆಳೆಯುವ ಉಪಾಯ ಬೇಡ. ಗಾಯದ ಉದ್ದ ಎರಡು ಇಂಚು ಹೆಚ್ಚಾದರೆ ಆಗಲಿ.

ಚಾಕುವಿನಾಚೆ

ಕೀಮೋ ಬರೆಯುವುದು ಮೆಡಿಕಲ್ ಆಂಕಾಲಜಿಯವರ ಕೆಲಸ ಎಂದು ಕೈಬಿಟ್ಟವರು ಜಿಲ್ಲಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪೇಚಾಡುತ್ತಾರೆ. ಕನಿಷ್ಠ ಕಾರ್ಬೋಪ್ಲಾಟಿನ್ ಪ್ರಮಾಣವನ್ನಾದರೂ ಆಪ್ ಇಲ್ಲದೆ ಕೈಯಲ್ಲಿ ಮಾಡಿ ನೋಡಿ. ಕಾಲ್ವರ್ಟ್ ಸೂತ್ರ: ಡೋಸ್ = ಎಯುಸಿ × (ಜಿಎಫ್‌ಆರ್ + 25). ಎಯುಸಿ ಅಂದರೆ ರಕ್ತದಲ್ಲಿ ಔಷಧಿಯ ಗುರಿ ಪ್ರಮಾಣ, ಜಿಎಫ್‌ಆರ್ ಅಂದರೆ ಮೂತ್ರಪಿಂಡ ಸೋಸುವ ವೇಗ. ನಮ್ಮ ಓಪಿಡಿಯಲ್ಲಿ ಮಾಮೂಲಾಗಿ ಕಾಣುವ ರೋಗಿ: 60 ವರ್ಷ, 45 ಕಿಲೋ, ತಿಂಗಳುಗಟ್ಟಲೆ ಊಟ ಸೇರದೆ ಮಾಂಸಖಂಡ ಕರಗಿದ್ದಾರೆ, ಕ್ರಿಯಾಟಿನಿನ್ 0.4. ಕಾಕ್ರಾಫ್ಟ್-ಗಾಲ್ಟ್ ಪ್ರಕಾರ (140−60)×45×0.85 ÷ (72×0.4), ಅಂದರೆ 106. ಎಯುಸಿ 5ಕ್ಕೆ ಡೋಸ್ 656 ಮಿ.ಗ್ರಾಂ. ಆದರೆ ಆ 0.4 ಒಳ್ಳೆಯ ಮೂತ್ರಪಿಂಡದ ಗುರುತಲ್ಲ, ಮಾಂಸಖಂಡ ಇಲ್ಲದ್ದರ ಗುರುತು. ಕ್ರಿಯಾಟಿನಿನ್ನನ್ನು ಕನಿಷ್ಠ 0.7 ಎಂದು ಹಿಡಿದರೆ ಜಿಎಫ್‌ಆರ್ 61ರ ಆಸುಪಾಸು, ಡೋಸ್ 429. ಒಂದೇ ರೋಗಿ, 227 ಮಿ.ಗ್ರಾಂ ವ್ಯತ್ಯಾಸ, ಪ್ಲೇಟ್‌ಲೆಟ್ ನೆಲಕಚ್ಚುವುದು, ಮುಂದಿನ ಸುತ್ತು ಮುಂದಕ್ಕೆ ಹೋಗುವುದು ಇಂಥ ಕಡೆ. ಮೇಲ್ಮಿತಿಯೂ ಇದೆ: ಜಿಎಫ್‌ಆರ್ 125 ಮೀರಿ ಲೆಕ್ಕಕ್ಕೆ ತಗೊಳ್ಳಬೇಡಿ.

ರೇಡಿಯೇಶನ್ ವಿಭಾಗದಲ್ಲಿ ಒಂದು ತಿಂಗಳು ಇರಿ. ಗರ್ಭಕಂಠಕ್ಕೆ ಹೊರಗಿನಿಂದ 25 ಸಲ, ಒಟ್ಟು 45 ಗ್ರೇ ಸುಮಾರು, ಜೊತೆಗೆ ವಾರಕ್ಕೊಮ್ಮೆ ಚದರ ಮೀಟರಿಗೆ 40 ಮಿ.ಗ್ರಾಂ ಸಿಸ್‌ಪ್ಲಾಟಿನ್, ನಂತರ ಬ್ರಾಕಿಥೆರಪಿ. ಎಲ್ಲ 8 ವಾರದೊಳಗೆ ಮುಗಿಯಬೇಕು. ತಡವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಯಂತ್ರವಲ್ಲ: ಮನೆಯಲ್ಲಿ ಹಬ್ಬ, ಬಿತ್ತನೆ, ನಗರದಲ್ಲಿ ಉಳಿಯಲು ಜಾಗವಿಲ್ಲ. ಮೊದಲ ದಿನವೇ ‘ಐದು ವಾರ ಎಲ್ಲಿ ಉಳಿಯುತ್ತೀರಿ?’ ಎಂದು ಕೇಳುವುದು ಸಹ ಚಿಕಿತ್ಸೆಯ ಭಾಗ.

ಪೆಥಾಲಜಿಯಲ್ಲಿ ನೀವು ಕಳಿಸಿದ ಸ್ಪೆಸಿಮನ್ ಕತ್ತರಿಸುವಾಗ ಹೋಗಿ ನಿಲ್ಲಿ. ಪೆರಾಮೆಟ್ರಿಯಮ್ಮಿನ (ಗರ್ಭಕಂಠದ ಪಕ್ಕದ ಅಂಗಾಂಶ) ಎಡಬಲ ಹೊಲಿಗೆ ಹಾಕಿ ಗುರುತಿಸದೆ ಕಳಿಸಿದ್ದರೆ ಅಂಚಿನ ವರದಿಯೇ ಅನುಮಾನ. ಎಂಡೋಮೆಟ್ರಿಯಮ್ಮಿಗೆ ಈಗ ಗಡ್ಡೆಯ ಅಣುಮಟ್ಟದ ಗುಂಪು ತಿಳಿಸುವ ಎಂಎಂಆರ್ ಮತ್ತು ಪಿ53 ಪ್ರೋಟೀನುಗಳ ಬಣ್ಣ ಹಾಕಿಸದೆ ಬಯಾಪ್ಸಿ ವರದಿ ಪೂರ್ತಿಯಾಗುವುದಿಲ್ಲ. ಅಂತಾರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟ ಫಿಗೊದ 2023ರ ಹಂತನಿರ್ಣಯವೂ ಅಣುಮಟ್ಟದ ಗುಂಪುಗಳನ್ನು ಒಳಗೆ ತಂದುಕೊಂಡಿದೆ.

ಟ್ಯೂಮರ್ ಬೋರ್ಡಿನಲ್ಲಿ ಎರಡು ನಿಮಿಷ

ಎಲ್ಲ ವಿಭಾಗದ ತಜ್ಞರು ಸೇರಿ ಚಿಕಿತ್ಸೆ ನಿರ್ಧರಿಸುವ ಈ ಸಭೆಯಲ್ಲಿ ನೀವು ಹೇಳಬೇಕಾದ್ದು ಇಷ್ಟು: ವಯಸ್ಸು, ಓಡಾಡುವ ಶಕ್ತಿ, ಬೇರೆ ಕಾಯಿಲೆ, ಬಯಾಪ್ಸಿ ಮತ್ತು ಸ್ಲೈಡನ್ನು ನಮ್ಮಲ್ಲಿ ಮರುಪರಿಶೀಲಿಸಿದ್ದಾರೋ ಇಲ್ಲವೋ, ಸ್ಕ್ಯಾನಿನಲ್ಲಿ ಗಡ್ಡೆಯ ಅಳತೆ, ಹಂತ, ಕೊನೆಗೆ ಒಂದೇ ಒಂದು ಪ್ರಶ್ನೆ. ‘ಮುಂದೇನು?’ ಅನ್ನುವುದು ಪ್ರಶ್ನೆಯಲ್ಲ. ‘1ಬಿ3, ಗ್ರಂಥಿ ಊದಿಲ್ಲ, 34 ವರ್ಷ, ನೇರ ಕೀಮೋರೇಡಿಯೇಶನ್, ಅದಕ್ಕೆ ಮುಂಚೆ ಅಂಡಾಶಯ ಮೇಲಕ್ಕೆ ಸರಿಸೋಣವೇ?’ ಎಂಬುದು ಪ್ರಶ್ನೆ. ನಿರ್ಧಾರವನ್ನು ಅಲ್ಲೇ ಬರೆದು ಸಹಿ ಮಾಡಿಸಿ.

ಓಪಿಡಿಯ ಕನ್ನಡ

ತರಬೇತಿಯೆಲ್ಲ ಇಂಗ್ಲಿಷಿನಲ್ಲಿ ಆಗಿರುತ್ತದೆ, ರೋಗದ ವಿವರ ಬರುವುದು ಕನ್ನಡದಲ್ಲಿ. ‘ಡಿಸ್‌ಚಾರ್ಜ್ ಇದೆಯಾ?’ ಎಂದರೆ ವಾರ್ಡಿನಿಂದ ಬಿಡುವುದು ಅಂದುಕೊಳ್ಳುತ್ತಾರೆ. ‘ಬಿಳಿ ಹೋಗುತ್ತಾ, ವಾಸನೆ ಇದೆಯಾ, ಬಟ್ಟೆ ಬದಲಿಸುವಷ್ಟಾ?’ ಎಂದು ಕೇಳಿ. ‘ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡಿದೆಯಾ?’ ಎಂಬುದನ್ನು ಮಗ ಅಥವಾ ಅತ್ತೆ ಪಕ್ಕದಲ್ಲಿ ನಿಂತಿರುವಾಗ ಕೇಳಿದರೆ ಉತ್ತರ ಯಾವಾಗಲೂ ಇಲ್ಲ. ಬಯಾಪ್ಸಿಗೆ ‘ತುಂಡು ತೆಗೆದು ಪರೀಕ್ಷೆ’, ರೇಡಿಯೇಶನ್ನಿಗೆ ಜನ ಹೇಳುವುದು ‘ಕರೆಂಟು ಕೊಡೋದು’. ಆ ಪದ ನೀವೂ ಬಳಸಿ, ಆದರೆ ಶಾಕ್ ಹೊಡೆಯುವುದಿಲ್ಲ, ನೋವಾಗುವುದಿಲ್ಲ, ಎಕ್ಸ್‌ರೇ ತೆಗೆದಂತೆ ಎಂದು ಬಿಡಿಸಿ ಹೇಳಿ. ಕರೆಂಟಿಗೆ ಹೆದರಿ ಊರಿಗೆ ಹೋಗಿಬಿಡುವವರು ಇದ್ದಾರೆ.

‘ಅವರಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಡಾಕ್ಟ್ರೇ’ ಎಂದು ಮಗ ಬಾಗಿಲಲ್ಲೇ ತಡೆಯುತ್ತಾನೆ. ಜಗಳ ಬೇಡ, ಒಪ್ಪುವುದೂ ಬೇಡ. ಅವನ ಭಯ ಏನೆಂದು ಕೇಳಿ. ನಂತರ ಆಕೆಯ ಹತ್ತಿರ ಕುರ್ಚಿ ಎಳೆದು ಕೂತು, ‘ನಿಮಗೆ ಏನಾಗಿದೆ ಅಂತ ನಿಮಗನಿಸುತ್ತೆ?’ ಎಂದು ಶುರುಮಾಡಿ. ಬಹಳಷ್ಟು ಸಲ ಆಕೆಗೆ ಗೊತ್ತಿರುತ್ತದೆ. ಮಗನಿಗೆ ಗೊತ್ತಾಗಬಾರದೆಂದು ಆಕೆಯೂ ಸುಮ್ಮನಿರುತ್ತಾಳೆ. ಅಂಡಾಶಯ, ಗರ್ಭಕೋಶ ತೆಗೆಯುವ ಒಪ್ಪಿಗೆ ಪತ್ರಕ್ಕೆ ಸಹಿ ಆಕೆಯದ್ದೇ ಇರಬೇಕು. ರೇಡಿಯೇಶನ್ ನಂತರ ಯೋನಿ ಕಿರಿದಾಗುವುದು, ಡೈಲೇಟರ್ ಬಳಸುವುದು ಇವನ್ನು ಆಕೆ ಕೇಳಲಿ ಎಂದು ಕಾಯಬೇಡಿ, ಕೇಳುವುದಿಲ್ಲ.

ಮೊದಲ ಕೆಲಸ

ಎಂಸಿಎಚ್ ಆದ ಮೇಲೆ ಹೆಚ್ಚುವರಿ ಅರ್ಹತೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿ, ನಂತರ ಬೋರ್ಡು ಹಾಕಿ. ಸೀಟಿನ ಜೊತೆ ಬಂದ ಸೇವಾ ಬಾಂಡ್ ಇದ್ದರೆ ಆ ಕಾಗದವನ್ನು ಈಗಲ್ಲ, ಸೀಟು ಪಡೆದ ದಿನವೇ ಓದಿರಬೇಕಿತ್ತು.

ಹುಬ್ಬಳ್ಳಿಯೋ ಶಿವಮೊಗ್ಗವೋ, ಆಸ್ಪತ್ರೆ ಕರೆದಾಗ ಸಂಬಳಕ್ಕಿಂತ ಮುಂಚೆ ಕೇಳಬೇಕಾದ್ದು: ವಾರಕ್ಕೆ ನಿಮ್ಮದೇ ಆದ ಓಟಿ ದಿನ ಎಷ್ಟು, ರಾತ್ರಿ ಹೊತ್ತು ರಕ್ತನಿಧಿ ತೆರೆದಿರುತ್ತದೆಯೇ, ಐಸಿಯು ಹಾಸಿಗೆ ಖಾತ್ರಿಯೇ, ಖಾಯಂ ಸಹಾಯಕ ಸಿಗುತ್ತಾರೋ. ಇವಿಲ್ಲದ ಕಡೆ ಮೊದಲ ಆರು ತಿಂಗಳು ದೊಡ್ಡ ಡಿಬಲ್ಕಿಂಗ್ ಹಿಡಿಯಬೇಡಿ, ಕಳಿಸಿಕೊಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಆದರೆ ಪೂರ್ವಾನುಮತಿ ಕಡತದಲ್ಲಿ ಬಯಾಪ್ಸಿ, ಸ್ಕ್ಯಾನ್, ಚಿಕಿತ್ಸಾ ಯೋಜನೆ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಹಂತವನ್ನು ಒಂದು ಕಡೆ 2ಬಿ, ಇನ್ನೊಂದು ಕಡೆ 3ಬಿ ಎಂದು ಬರೆದ ಕಡತ ವಾಪಸು ಬರುತ್ತದೆ, ರೋಗಿ ಒಂದು ವಾರ ಕಳೆದುಕೊಳ್ಳುತ್ತಾರೆ.

ಮೊದಲ ತಿಂಗಳಲ್ಲೇ ಬರುವ ರೋಗಿ ಇವರು: ಊರಿನಲ್ಲಿ ‘ಗರ್ಭಕೋಶ ತೆಗೆಸಿದ್ದಾರೆ’, ಆಮೇಲೆ ವರದಿಯಲ್ಲಿ ಗರ್ಭಕಂಠದ ಕ್ಯಾನ್ಸರ್. ಹಿಂದಿನ ವೈದ್ಯರನ್ನು ರೋಗಿಯ ಮುಂದೆ ಬೈಯಬೇಡಿ. ಅವರ ಹತ್ತಿರವೇ ನಿಮಗೆ ಬ್ಲಾಕು, ಸ್ಲೈಡು ಬೇಕು. ಸ್ಲೈಡು ಮರುಪರಿಶೀಲಿಸಿ ಆಳ, ಅಗಲ, ಅಂಚು, ರಕ್ತನಾಳದೊಳಗಿನ ಜೀವಕೋಶ ಇವಿಷ್ಟನ್ನು ಕೇಳಿ. ಅರಿವಳಿಕೆ ಕೊಟ್ಟಾದರೂ ಸರಿಯಾಗಿ ಕೈಪರೀಕ್ಷೆ ಮಾಡಿ, ಎಂಆರ್‌ಐ ತೆಗೆಸಿ. ಅಂಚಿನಲ್ಲಿ ರೋಗವಿದ್ದರೆ, ಪೆರಾಮೆಟ್ರಿಯಮ್ ಗಟ್ಟಿಯಿದ್ದರೆ, ಗ್ರಂಥಿ ಊದಿದ್ದರೆ ಕೀಮೋರೇಡಿಯೇಶನ್. ಎಲ್ಲ ಶುದ್ಧವಾಗಿದ್ದು ಆಳ ಹೆಚ್ಚಿದ್ದರೆ ಮಾತ್ರ ಮರು ಆಪರೇಶನ್ನಿನ ಮಾತು, ಅದೂ ಅನುಭವವಿದ್ದವರ ಕೈಯಲ್ಲಿ: ಗರ್ಭಕೋಶ ಇಲ್ಲದ ಕಡೆ ಪೆರಾಮೆಟ್ರಿಯಮ್ ಹಿಡಿಯಲು ಹಿಡಿಕೆಯೇ ಇರುವುದಿಲ್ಲ.

ನಿಮ್ಮ ಫಲಿತಾಂಶ ಅಳೆಯಲು ಯುರೋಪಿನ ಎಸ್ಗೊ ಸಂಘದ ಮಾನದಂಡಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಗರ್ಭಕಂಠಕ್ಕೆ ಕೇಂದ್ರವೊಂದರಲ್ಲಿ ವರ್ಷಕ್ಕೆ ಕನಿಷ್ಠ 15 ರ‍್ಯಾಡಿಕಲ್ ಆಪರೇಶನ್, 30 ದಿನದೊಳಗಿನ ಮೂತ್ರಾಂಗದ ಫಿಸ್ಟುಲಾ (ಸೋರುವ ತೂತು) 3 ಶೇಕಡಾ ಮೀರಬಾರದು. ಅಂಡಾಶಯಕ್ಕೆ ವರ್ಷಕ್ಕೆ ಕನಿಷ್ಠ 20 ಡಿಬಲ್ಕಿಂಗ್. ವರ್ಷಕ್ಕೆ ಎಂಟು ಮಾಡುವ ಕಡೆ ಶೇಕಡಾವಾರು ಲೆಕ್ಕಕ್ಕೆ ಅರ್ಥವಿಲ್ಲ. ಪ್ರತಿ ತೊಡಕನ್ನೂ ಒಂದೊಂದಾಗಿ ಹೊರಗಿನ ಹಿರಿಯರೊಬ್ಬರ ಮುಂದಿಡಿ. ಭಾರತದ ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಸಂಘ ಅಗೋಯಿಯ ಸಮ್ಮೇಳನಗಳಲ್ಲಿ ಅಂಥವರು ಸಿಗುತ್ತಾರೆ. ಯುರೋಪಿನ ಯುವ ತಜ್ಞರು 2009ರಿಂದ ಎನಿಗೊ ಎಂಬ ಜಾಲ ಕಟ್ಟಿಕೊಂಡಿರುವುದೂ ಇಂಥ ಹಂಚಿಕೆಗೇ.

ಲಾಗ್‌ಬುಕ್ ಇಲ್ಲಿಗೆ ನಿಲ್ಲಿಸಬೇಡಿ. ಈಗ ಅದಕ್ಕೆ ಇನ್ನೊಂದು ಕಾಲಂ ಬೇಕು, ಕೊನೆಯ ಭೇಟಿಯ ದಿನಾಂಕ. ಬಿಡುಗಡೆಯ ದಿನ ಫೋನ್ ನಂಬರ್ ಒಂದಲ್ಲ, ಎರಡು ಬರೆದುಕೊಳ್ಳಿ: ಮನೆಯವರದ್ದೊಂದು, ಊರಿನ ಆಶಾ ಕಾರ್ಯಕರ್ತೆಯದ್ದೊಂದು. ಮಗನ ನಂಬರ್ ಆರು ತಿಂಗಳಿಗೆ ಬದಲಾಗಿರುತ್ತದೆ, ಆಶಾ ಅದೇ ಊರಿನಲ್ಲಿರುತ್ತಾರೆ.